ಹಸ್ಕಿ ನಗಾಕತ್ತಿಲ್ಲ ದೋಸ್ತಾ, ಅದು ಬೇಯಾಕತ್ತೈತಿ

1/10

ಫೋಟೋದಾಗ ಮಣ್ಣೊಳಗ ಅರ್ಧ ಮುಳುಗಿ ಮಲಗಿರೋನು ನಮ್ಮ ಕರಿಯ. ಆ ಮಣ್ಣು ಅವ್ವನ ಮಲ್ಲಿಗಿ ಬಳ್ಳಿ ಬುಡದ್ದು. ಬಳ್ಳಿ ಈಗ ಇಲ್ಲ. ಅವ್ವ ನನ್ನ ಜೊತೆ ಎರಡು ದಿನ ಮಾತು ಬಿಟ್ಟಳು, ಕರಿಯನ ಜೊತೆ ಅರ್ಧ ತಾಸು.

ಈ ಫೋಟೋ ಹಾಕಿದ್ರ ನೀವೆಲ್ಲ ಏನ್ ಮಾಡ್ತೀರಿ ಅಂತ ನಂಗ ಗೊತ್ತೈತಿ. ನಾಲ್ಕು ನಗು ಇಮೋಜಿ, ಒಂದು "ಸೋ ಕ್ಯೂಟ್", ಇನ್ನೊಬ್ಬ "ಬ್ರೋ ನಿಮ್ ನಾಯಿ ಜೆಸಿಬಿ" ಅಂತಾನ. ನಾನೂ ನಿಮ್ಮ ಪೋಸ್ಟಿಗೆ ಇಷ್ಟೇ ಮಾಡ್ಕೋತ ಬಂದೀನಿ. ಈ ಸಲ ಸ್ವಲ್ಪ ತಡೀರಿ.

ಹತ್ತು ಪೋಸ್ಟ್ ಬರೀತೀನಿ. ಜಗಳ ಮಾಡಾಕ ಬರೀತೀನಿ, ಮುಚ್ಚುಮರೆ ಇಲ್ಲ. ಯಾರ ಜೊತೆ ಜಗಳ ಅಂದ್ರ ನಿಮ್ಮ ಜೊತೆ, ಅದಕ್ಕಿಂತ ಮೊದಲು ನನ್ನ ಜೊತೆ.

ನನ್ನ ವಾದ ಇಷ್ಟ: ನಾಯಿಯ "ವಿಚಿತ್ರ ಚಾಳಿ" ಅಂತ ನಾವು ರೀಲ್ಸ್ ಮಾಡಿ ನಗೋದ್ರಾಗ ಬಹಳಷ್ಟು ಚಾಳಿ ಅಲ್ಲ, ಅದು ಮಾತು. ಅದಕ್ಕ ಬಾಯಿಂದ ಹೇಳಾಕ ಬರಲ್ಲ, ಮೈಯಿಂದ ಹೇಳ್ತೈತಿ. ಕರಿಯ ಮಣ್ಣು ಕೆದರಿದ್ದು ಅವ್ವನ ಮ್ಯಾಲಿನ ಸಿಟ್ಟಿಗೆ ಅಲ್ಲ. ಅದು ಎಪ್ರಿಲ್ ತಿಂಗಳು, ಮಧ್ಯಾಹ್ನ ಎರಡು ಗಂಟೆ, ಕೊಪ್ಪಳ. ಮೇಲಿನ ಸುಡೋ ಮಣ್ಣು ಸರಿಸಿದರೆ ಕೆಳಗೆ ತಂಪು ಮಣ್ಣು ಇರ್ತದೆ. ದಿನಾ ನೀರು ಹಾಕೋ ಜಾಗ ಮನೆಯಲ್ಲಿ ಅದೊಂದೇ. ಫ್ಯಾನಿನ ಸ್ವಿಚ್ ಒತ್ತಾಕ ಬರದವನು ತನ್ನ ಕೈಲಾದ್ದು ಮಾಡಿದ. ನಾವು ಅದಕ್ಕೆ ಹಾಡು ಹಾಕಿ ರೀಲ್ ಮಾಡಿದಿವಿ.

ನಕ್ಕಿದ್ದು ತಪ್ಪಲ್ಲ. ನಕ್ಕು ಸುಮ್ನಾಗಿದ್ದು ತಪ್ಪು. ಯಾಕಂತ ಮುಂದಿನ ಪೋಸ್ಟಿನಾಗ ಹೇಳ್ತೀನಿ. ಅದನ್ನ ಬರೆಯಾಕ ನಂಗ ಮೂರು ವಾರ ಹಿಡೀತು.

2/10

ಈ ಪೋಸ್ಟಿಗೆ ಫೋಟೋ ಇಲ್ಲ. ಬರೀ ಕಪ್ಪು ಬಣ್ಣ.

ನಮ್ಮ ಗೆಳೆಯ ಒಬ್ಬ ಗಂಗಾವತಿಯವ. ಹೆಸರು ಹೇಳಲ್ಲ. ಬರೀತೀನಿ ಅಂತ ಅವನನ್ನ ಕೇಳೇ ಬರೆಯಾಕತ್ತೀನಿ. "ಬರಿ, ಆದ್ರ ನನ್ನ ಹೆಸರು ಬ್ಯಾಡ" ಅಂದ. ದೀಪಾವಳಿ ಮುಗಿದ ಮ್ಯಾಲೆ ಅವನ ಮನೆಗೆ ಒಂದು ಹಸ್ಕಿ ಮರಿ ಬಂತು. ಬಿಳಿ-ಬೂದು ಮೈ, ನೀಲಿ ಕಣ್ಣು. ನಾವು ಐದು ಮಂದಿ ಕೊಪ್ಪಳದಿಂದ ಬೈಕ್ ಮ್ಯಾಲೆ ಹೋಗಿ ಅದರ ಜೊತೆ ಸೆಲ್ಫಿ ತಗೊಂಡು ಬಂದ್ವಿ. ಚಳಿಗಾಲ ಪೂರ್ತಿ ಅದು ಮನೆಮಂದಿಯೆಲ್ಲಾ ಮುದ್ದಾಡೋ ಕೂಸು. ರಾತ್ರಿ ಊಳಿಟ್ಟು ಮಾತಾಡ್ತಿತ್ತು, ಅವರಜ್ಜಿ ಅದಕ್ಕೆ ಉತ್ತರ ಕೊಡ್ತಿದ್ರು. ಆ ವಿಡಿಯೋ ನೀವೂ ನೋಡೀರಿ.

ಎಪ್ರಿಲ್ ಬಂತು. ಅವನು ಒಂದು ರೀಲ್ ಹಾಕಿದ. ನಾಯಿ ಬಾಯಿ ಅಗಲ ತೆಗೆದು, ನಾಲಿಗೆ ಒಂದು ಕಡೆ ಜೋತು ಬಿಟ್ಟು, ಕಣ್ಣು ಅರ್ಧ ಮುಚ್ಚಿ ಕುಂತಿತ್ತು. ಹಿಂದೆ ಹಾಡು. ಮೇಲೆ ಬರಹ: "ನಮ್ಮ ಹೀರೋ ಸ್ಮೈಲ್." ಅವನ ಎಲ್ಲಾ ರೀಲಿಗಿಂತ ಅದಕ್ಕೇ ಹೆಚ್ಚು ಲೈಕ್ ಬಂತು. ನಾನು ಕೆಳಗೆ ಬರೆದದ್ದು: "ನಗು ನೋಡ್ರಲೇ." ಜೊತೆಗೆ ಮೂರು ಹಾರ್ಟ್.

ಮೇ ಎರಡನೇ ವಾರ. ಮನೆಯವರೆಲ್ಲ ಮದುವಿಗೆ ಹೋಗಿದ್ರು. ನಾಯಿ ಮಾಳಿಗೆ ಮ್ಯಾಲೆ ತಗಡಿನ ನೆರಳಿನಾಗ, ಸರಪಳಿ ಹಾಕಿ, ಬುಟ್ಟಿ ತುಂಬ ನೀರಿಟ್ಟು, ಒಂದು ಟೇಬಲ್ ಫ್ಯಾನ್ ಹಚ್ಚಿಟ್ಟು ಹೋಗಿದ್ರು. ಪ್ರೀತಿ ಇರ್ಲಿಲ್ಲ ಅಂತ ಯಾರೂ ಅನ್ನಂಗಿಲ್ಲ. ಹನ್ನೊಂದಕ್ಕ ಕರೆಂಟ್ ಹೋತು. ನೀರಿನ ಬುಟ್ಟಿ ಯಾವಾಗ ಉರುಳಿತೋ ಗೊತ್ತಿಲ್ಲ. ಸಂಜಿ ಐದಕ್ಕ ಇವರು ಬಂದು ನೋಡಿದ್ರ ಅದರ ಮೈ ಇನ್ನೂ ಬಿಸಿ ಇತ್ತು. ಜೀವ ಇರ್ಲಿಲ್ಲ.

ಡಾಕ್ಟರ್ ಒಂದೇ ಮಾತು ಹೇಳಿದ್ರಂತ: ಬಿಸಿಲಿನ ಹೊಡೆತ.

ಆ ರೀಲ್ ಇನ್ನೂ ಐತಿ. ನನ್ನ ಕಾಮೆಂಟೂ ಐತಿ. ಅಳಿಸಾಕ ಹೋದೆ, ಆಮ್ಯಾಲೆ ಬಿಟ್ಟೆ. ನಾನು ಏನು ನೋಡಿ ಏನು ಅಂದೆ ಅನ್ನೋದು ನಂಗ ನೆನಪಿರಬೇಕು.

3/10

ಈಗ ಲೆಕ್ಕ ಹಾಕೋಣ.

ಹಸ್ಕಿ ಯಾರ ನಾಯಿ? ಈಶಾನ್ಯ ಸೈಬೀರಿಯಾದ ಚುಕ್ಚಿ ಜನರ ನಾಯಿ. ಹಿಮದ ಮೇಲೆ ಬಂಡಿ ಎಳೆಯಲು ಅವರು ತಲೆಮಾರುಗಳಿಂದ ಸಾಕಿಕೊಂಡು ಬಂದ ತಳಿ. 1925ರಲ್ಲಿ ಅಲಾಸ್ಕಾದ ನೋಮ್ ಊರಿನಲ್ಲಿ ಗಂಟಲಮಾರಿ ಬಂದಾಗ, ಹಿಮಗಾಳಿಯಲ್ಲಿ ಔಷಧಿ ಹೊತ್ತು ಊರು ಮುಟ್ಟಿಸಿದ್ದು ಇಂಥ ಬಂಡಿ ನಾಯಿಗಳೇ. ಅದರ ಮೈಮೇಲೆ ಎರಡು ಪದರ ಕೂದಲಿದೆ. ಒಳಗೆ ಹತ್ತಿಯಂಥ ಮೆತ್ತನೆಯದು, ಹೊರಗೆ ಉದ್ದನೆಯದು. ಎರಡು ಕಂಬಳಿ ಹೊದ್ದು ಹುಟ್ಟಿದ ಪ್ರಾಣಿ ಅದು.

ನಮ್ಮೂರು ಯಾವುದು? ಎಪ್ರಿಲ್-ಮೇದಾಗ 40 ಡಿಗ್ರಿ ಮುಟ್ಟೋ ಊರು. ಸುತ್ತ ಬಂಡೆಗಲ್ಲು. ಹಗಲು ಕುಡಿದ ಬಿಸಿಲನ್ನ ರಾತ್ರಿ ಹತ್ತರ ತನಕ ಉಗುಳೋ ಆರ್‌ಸಿಸಿ ಮಾಳಿಗೆ. ಬ್ಯಾಸಗಿಯಾಗ ನೀವು ಬರಿಗಾಲಿನಾಗ ಮಾಳಿಗೆ ಹತ್ತೀರಿ? ನಾನಂತೂ ಇಲ್ಲ.

ನಮಗೆ ಸೆಕೆ ಆದರೆ ಮೈಯೆಲ್ಲಾ ಬೆವರುತ್ತದೆ. ನಾಯಿಗೆ ಆ ಅನುಕೂಲ ಇಲ್ಲ. ಅದು ಬೆವರುವುದು ಅಂಗಾಲಿನಲ್ಲಿ ಮಾತ್ರ, ಅದೂ ಅಷ್ಟಕ್ಕಷ್ಟೇ. ಮೈ ತಂಪಾಗಿಸಲು ಅದಕ್ಕಿರುವ ಮುಖ್ಯ ದಾರಿ ತೇಕುವುದು. ಬಾಯಿ ತೆಗೆದು, ನಾಲಿಗೆ ಚಾಚಿ, ಜೋರು ಉಸಿರಾಡಿ ಒಳಗಿನ ಬಿಸಿ ಹೊರಹಾಕುವುದು. ಅದನ್ನೇ ನಾವು "ಸ್ಮೈಲ್" ಅಂದದ್ದು. ನಾಯಿಯ ಸಹಜ ಮೈಬಿಸಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು. 41 ದಾಟಿತೆಂದರೆ ಜೀವಕ್ಕೆ ಅಪಾಯ. ನಡುವೆ ಇರೋದು ಎರಡೇ ಡಿಗ್ರಿ.

ಪಗ್ ಇದ್ದವರೂ ಕೇಳ್ರಿ. ಅದರ ಮೂಗು ಚಪ್ಪಟೆ, ಉಸಿರಿನ ದಾರಿ ಇಕ್ಕಟ್ಟು. ತೇಕಿದರೂ ಸಾಕಷ್ಟು ಗಾಳಿ ಆಡಲ್ಲ. ನಿದ್ದೆಯಾಗ ಅದು ಗೊರಕೆ ಹೊಡೆಯೋದು ಕ್ಯೂಟ್ ಅಲ್ಲ, ಉಸಿರಿಗೆ ಅದು ಮಾಡೋ ಹೋರಾಟ.

ಆಗಲೇ ತಂದುಬಿಟ್ಟವರಿಗೆ: ನಡುಮನಿ ಬಿಟ್ಟು ಹೊರಗ ಕಟ್ಟಬ್ಯಾಡ್ರಿ. ವಾಕಿಂಗ್ ಬೆಳಿಗ್ಗೆ ಏಳರೊಳಗೆ, ಇಲ್ಲಾ ಕತ್ತಲಾದ ಮೇಲೆ. ರಸ್ತೆ ಮೇಲೆ ನಿಮ್ಮ ಅಂಗೈ ಹಿಂಭಾಗ ಐದು ಸೆಕೆಂಡ್ ಇಡ್ರಿ. ನಿಮಗೆ ತಡೆಯಾಕ ಆಗ್ಲಿಲ್ಲ ಅಂದ್ರ ಅದರ ಕಾಲಿಗೂ ಆಗಲ್ಲ. ಸೆಕೆ ಅಂತ ಹಸ್ಕಿ ಕೂದಲು ಬೋಳಿಸಬ್ಯಾಡ್ರಿ, ಬಿಸಿಲು ನೇರ ಚರ್ಮಕ್ಕ ಹತ್ತುತ್ತ. ಓಲಾಡಿದರೆ, ಜೊಲ್ಲು ಸುರಿಸಿದರೆ, ವಾಂತಿ ಮಾಡಿದರೆ ತಕ್ಷಣ ನೆರಳಿಗೆ ತರ್ರಿ, ಮೈತುಂಬ ನಲ್ಲಿ ನೀರು ಸುರೀರಿ, ಗಾಳಿ ಹಾಕ್ರಿ, ಪಶು ಆಸ್ಪತ್ರೆಗೆ ಓಡ್ರಿ. ಬಾಯಿಗೆ ಒತ್ತಾಯದಿಂದ ನೀರು ಹಾಕಬ್ಯಾಡ್ರಿ.

4/10

ಮುಂದಿನ ತಪ್ಪು ಪೂರ್ತಿ ನನ್ನದು.

ಹೋದ ವರ್ಷ ನಾನೊಂದು ರೀಲ್ ಹಾಕಿದ್ದೆ, ನಿಮಗೆ ನೆನಪಿರಬಹುದು. ನನ್ನ ಹೊಸ ಚಪ್ಪಲಿ ಚೂರು ಚೂರು. ನಾನು ಅದನ್ನ ಕರಿಯನ ಮುಂದ ಹಿಡಿದು "ಯಾರಲೇ ಇದು ಮಾಡಿದ್ದು?" ಅಂತ ಗದರಿಸ್ತೀನಿ. ಅವನು ಕಿವಿ ಹಿಂದಕ್ಕ ಹಾಕಿ, ಬಾಲ ಒಳಗ ಎಳಕೊಂಡು, ಮುಖ ಆ ಕಡೆ ತಿರುಗಿಸ್ತಾನ. ಕೆಳಗೆ ಎಲ್ಲರೂ "ತಪ್ಪೊಪ್ಪಿಕೊಂಡ ನೋಡ್ರೋ" ಅಂತ ಬರೆದಿದ್ರಿ.

ಎರಡು ದಿನ ಬಿಟ್ಟು ಎದುರುಮನೆ ಮರಿ ನಮ್ಮ ಬಾಗಿಲಾಗ ಇನ್ನೊಂದು ಚಪ್ಪಲಿ ಕಚ್ಚಿಕೊಂಡು ಹೊಂಟಿತ್ತು. ಮೊದಲನೇದೂ ಅದೇ ಕಡಿದದ್ದು. ಕರಿಯ ಮುಟ್ಟಿರಲೇ ಇಲ್ಲ. ಹಂಗಾದ್ರ ಆ ಮುಖ ಯಾಕ ಮಾಡಿದ?

ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನೋ ವಿಜ್ಞಾನಿ ಇದನ್ನೇ ಪರೀಕ್ಷೆ ಮಾಡಿ 2009ರಲ್ಲಿ ಪ್ರಕಟಿಸಿದರು. ತಿನ್ನಬೇಡ ಅಂತ ಹೇಳಿ ತಿನಿಸು ಇಟ್ಟು ಮಾಲೀಕರು ಹೊರಗೆ ಹೋಗಬೇಕು. ವಾಪಸ್ ಬಂದಾಗ "ನಿಮ್ಮ ನಾಯಿ ತಿಂತು" ಅಥವಾ "ತಿನ್ನಲಿಲ್ಲ" ಅಂತ ಅವರಿಗೆ ಹೇಳಲಾಗುತ್ತಿತ್ತು, ಕೆಲವು ಸಲ ಸುಳ್ಳೇ. ಗೊತ್ತಾಗಿದ್ದೇನು? ನಾಯಿ ತಪ್ಪು ಮಾಡಿದೆಯೋ ಇಲ್ಲವೋ ಎನ್ನುವುದಕ್ಕೂ ಆ ಮುಖಕ್ಕೂ ಸಂಬಂಧ ಇರಲಿಲ್ಲ. ಮಾಲೀಕರು ಬೈದರೆ ಆ ಮುಖ ಬರುತ್ತಿತ್ತು. ತಿನ್ನದೇ ಬೈಸಿಕೊಂಡ ನಾಯಿಗಳಲ್ಲಿ ಅದು ಇನ್ನೂ ಜಾಸ್ತಿ ಕಾಣಿಸಿತು.

ಅಂದ್ರ ಅದು "ತಪ್ಪಾತು" ಅನ್ನೋ ಮುಖ ಅಲ್ಲ. "ನೀ ಯಾಕ ಸಿಟ್ಟಾಗೀಯೋ ಗೊತ್ತಿಲ್ಲ, ಹೊಡೀಬ್ಯಾಡ" ಅನ್ನೋ ಮುಖ.

ಬೈಸಿಕೊಂಡು ತಲಿ ಕೆಳಗ ಹಾಕಿ ನಿಂತ ಹುಡುಗನ್ನ ವಿಡಿಯೋ ಮಾಡಿ ಯಾರಾದ್ರೂ ಹಾಕಿದ್ರ ನಾವೇ ಸಿಟ್ಟಿಗೇಳ್ತಿದ್ವಿ. ನಾಯಿದು ಅಂದಕೂಡ್ಲೇ ಷೇರ್ ಮಾಡ್ತೀವಿ. ಆ ರೀಲ್ ನಾನು ತೆಗೆದೆ. ಕರಿಯನಿಗೆ ಕ್ಷಮೆ ಕೇಳೋದು ಹೆಂಗ ಅಂತ ಗೊತ್ತಾಗಲಿಲ್ಲ, ಒಂದು ತತ್ತಿ ಕುದಿಸಿ ಕೊಟ್ಟೆ. ಅವನು ಯಾವಾಗಲೋ ಮರೆತಿದ್ದ.

5/10

"ಹಂಗಾದ್ರ ನಾಯಿ ನೋಡಿ ನಗೋದೇ ಬ್ಯಾಡೇನು?" ಅಂತ ಕೇಳಿದ್ರಿ. ನಗ್ರಿ. ಯಾವುದಕ್ಕ ನಗಬೇಕು ಅಂತ ಗೊತ್ತಿದ್ದು ನಗ್ರಿ. ಇದನ್ನ ಸೇವ್ ಮಾಡಿ ಇಟ್ಕೊಳ್ರಿ.

ಧಾರಾಳ ನಗೋ ಸಂಗತಿ:

ಸ್ನಾನ ಆದ ಕೂಡ್ಲೇ ಹುಚ್ಚು ಹಿಡಿದಂಗ ಮನೆತುಂಬ ಓಡಿ, ಸೋಫಾ ಹತ್ತಿ ಇಳಿದು, ಅಡಿಗಿಮನಿ ಹೊಕ್ಕು ಬರೋದು. ಅದು ಬರೀ ಹುರುಪು.

ಮಲಗೋ ಮುಂಚೆ ಗಿರಗಿರ ಮೂರು ಸುತ್ತು ಹಾಕೋದು. ಹುಲ್ಲು ತುಳಿದು ಹಾಸಿಗೆ ಮಾಡಿಕೊಳ್ತಿದ್ದ ಕಾಲದ ರೂಢಿ ಅಂತಾರ. ಈಗ ಮೊಸಾಯಿಕ್ ನೆಲದ ಮ್ಯಾಲೂ ಹುಲ್ಲು ಹುಡುಕ್ತೈತಿ.

ಗುಡಿ ಮೈಕಿಗೆ, ಆಂಬುಲೆನ್ಸ್ ಸೈರನ್ನಿಗೆ ಊಳಿಡೋದು. ಕೆಟ್ಟ ಶಕುನ ಅಂತ ಕಲ್ಲು ಒಗೀಬ್ಯಾಡ್ರಿ. ದೂರದಿಂದ ಯಾರೋ ಊಳಿಟ್ಟಂಗ ಕೇಳಿಸ್ತದ, ಅದು ಉತ್ತರ ಕೊಡ್ತದ. ಅಷ್ಟ.

ಬೈಕಿನ ಗಾಲಿ ಮೂಸಿ ಮೂಸಿ ಕಾಲೆತ್ತೋದು. ನಿಮ್ಮ ಗಾಲಿ ಅದಕ್ಕ ನ್ಯೂಸ್‌ಪೇಪರ್. ಕುಷ್ಟಗಿ ಬಸ್ ಸ್ಟ್ಯಾಂಡ್ ನಾಯಿ ಬರೆದದ್ದನ್ನ ಯಲಬುರ್ಗಾ ನಾಯಿ ಓದ್ತೈತಿ.

ನಗು ನಿಲ್ಲಿಸಿ ನೋಡೋ ಸಂಗತಿ:

ಕೂಸು ನಾಯಿ ಕೊರಳಿಗೆ ಜೋತುಬಿದ್ದ ಫೋಟೋ. ನಾಯಿ ಮುಖ ತಿರುಗಿಸಿದೆಯಾ, ಕಣ್ಣಿನ ಬಿಳಿ ಕಾಣ್ತದಾ, ಆಕಳಿಸ್ತದಾ, ಸುಮ್ಮನೆ ತುಟಿ ನೆಕ್ಕೊಳ್ತದಾ ನೋಡ್ರಿ. ಅದು "ಸಾಕು, ಬಿಡು" ಅನ್ನೋ ಮಾತು. ಅದು ಯಾರಿಗೂ ಕೇಳದಿದ್ದಾಗ ಗುರ್ ಅಂತದ. ಗುರ್ ಅಂದದ್ದಕ್ಕೂ ಹೊಡೆದ್ರ ಮುಂದಿನ ಸಲ ಹೇಳದೇ ಕಚ್ಚತೈತಿ.

ದಿನವಿಡೀ ತನ್ನ ಬಾಲ ತಾನೇ ಹಿಡಿಯಾಕ ಸುತ್ತೋದು. ಒಂದೆರಡು ಸಲ ಆಟ. ದಿನಾ ಆದ್ರ ತುರಿಕೆ ಇರಬಹುದು, ಇಲ್ಲಾ ಸರಪಳಿಯ ಬ್ಯಾಸರ.

ಬಾಲ ಅಲ್ಲಾಡಿಸಿದ್ದೆಲ್ಲ ಖುಷಿ ಅಲ್ಲ. ಬಾಲ ಮೇಲೆ ಸೆಟೆದು, ಮೈ ಬಿಗಿಯಾಗಿ, ಬರೀ ತುದಿ ಅಲ್ಲಾಡಿದ್ರ ಹತ್ತಿರ ಹೋಗಬ್ಯಾಡ್ರಿ.

ಪಟಾಕಿಗೆ ಮಂಚದ ಕೆಳಗ ನಡುಗೋದು. "ಹೆದರುಪುಕ್ಕ" ಅಂತ ಎಳೆದು ತಂದು ವಿಡಿಯೋ ಮಾಡಬ್ಯಾಡ್ರಿ. ಅದರ ಕಿವಿ ನಿಮ್ಮದಕ್ಕಿಂತ ಬಹಳ ಚುರುಕು. ಕಿಟಕಿ ಮುಚ್ಚಿ ಅಲ್ಲೇ ಇರಾಕ ಬಿಡ್ರಿ.

6/10

ಈಗ ಮುಖ್ಯ ಜಗಳ. ಆ ಮರಿ ಬಂದದ್ದು ಎಲ್ಲಿಂದ?

ನಮ್ಮ ಕಡೆ ಮರಿ ವ್ಯಾಪಾರ ಹೆಂಗ ನಡೀತದ ನಿಮಗೂ ಗೊತ್ತು. ಒಂದು ಪೇಜ್, "ಡಿಎಂ ಫಾರ್ ಪ್ರೈಸ್", ಅಡ್ವಾನ್ಸ್ ಫೋನ್‌ಪೇ. ರಾತ್ರಿ ಬಸ್ಸಿನಾಗ ತೂತು ಕೊರೆದ ರಟ್ಟಿನ ಡಬ್ಬಿ. ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋಗಿ ಪಾರ್ಸಲ್ ಬಿಡಿಸಿಕೊಂಡು ಬರೋದು. ಜೀವ ಇರೋ ಪಾರ್ಸಲ್. ಗೆಳೆಯನ ಹಸ್ಕಿ ಬಂದದ್ದೂ ಹಿಂಗ.

ಇದಕ್ಕೆ ಕಾನೂನು ಇಲ್ಲ ಅಂತ ತಿಳಿಯಬ್ಯಾಡ್ರಿ. ನಾಯಿ ತಳಿ ಬೆಳೆಸಿ ಮಾರುವವರಿಗಾಗಿ 2017ರಲ್ಲೇ ಕೇಂದ್ರ ಸರ್ಕಾರ ನಿಯಮ ತಂದಿದೆ. ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ತಾಯಿ ನಾಯಿಗೆ ಹದಿನೆಂಟು ತಿಂಗಳು ಆಗುವ ತನಕ ಮರಿ ಹಾಕಿಸುವಂತಿಲ್ಲ. ವರ್ಷಕ್ಕೆ ಒಂದೇ ಸಲ. ಇವತ್ತೇ ನಿಮಗೆ ಮರಿ ತೋರಿಸೋ ಪೇಜಿಗೆ ಒಂದು ಮೆಸೇಜ್ ಹಾಕ್ರಿ: "ಅಣ್ಣಾ, ನೋಂದಣಿ ನಂಬರ್ ಕೊಡ್ರಿ. ತಾಯಿ ನಾಯಿ ನೋಡಬೇಕು, ಎಲ್ಲಿಗೆ ಬರ್ಲಿ?" ಹತ್ತರಾಗ ಎಷ್ಟು ಮಂದಿ ಬ್ಲಾಕ್ ಮಾಡ್ತಾರ ಅಂತ ನೀವೇ ನೋಡಿ ನಂಗ ಹೇಳ್ರಿ.

"777 ಚಾರ್ಲಿ" 2022ರಾಗ ಬಂದಾಗ ನಾವು ಥೇಟರಿನಾಗ ಕುಂತು ಅತ್ತೀವಿ. ಏನು ನೋಡಿ ಅತ್ವಿ? ಚಾರ್ಲಿ ಓಡಿ ಬಂದದ್ದೇ ಒಬ್ಬ ಬ್ರೀಡರ್ ಕೈಯಿಂದ. ಮನಸ್ಸಿಗೆ ಬಂದಂಗ ಮರಿ ಹಾಕಿಸಿದ್ರ ಏನಾಗ್ತದ ಅನ್ನೋದು ಆ ಸಿನಿಮಾದ ನಟ್ಟನಡುವಿನ ಮಾತು. ಅದನ್ನ ನೋಡಿ, ಕಣ್ಣೊರಸಿಕೊಂಡು, ಹೊರಗ ಬಂದು "ನಮಗೂ ಒಂದು ಲ್ಯಾಬ್ ಬೇಕು" ಅಂದ್ರ ಸಿನಿಮಾ ನೋಡಿದ್ದೇನು ಬಂತು?

ಇದು ಹೊಸದೇನೂ ಅಲ್ಲ. 2003ರ ಸುಮಾರಿಗೆ ಹಚ್ ಫೋನಿನ ಜಾಹೀರಾತಿನಾಗ ಹುಡುಗನ ಹಿಂದ ಹಿಂದ ಹೋಗೋ ಪಗ್ ಬಂತು, ದೇಶಕ್ಕೆಲ್ಲಾ ಪಗ್ ಹುಚ್ಚು ಹಿಡೀತು. ನಮ್ಮ ಅಣ್ಣಂದಿರ ಕಾಲಕ್ಕ ಟಿವಿ ಮಾಡಿದ್ದನ್ನ ನಮ್ಮ ಕಾಲಕ್ಕ ನಾವೇ ಮಾಡಾಕತ್ತೀವಿ. ನೀವು ಒತ್ತೋ ಒಂದೊಂದು ಲೈಕೂ ಮುಂದಿನ ಡಬ್ಬಿಗೆ ಆರ್ಡರ್ ಇದ್ದಂಗ.

7/10

ನಿಮ್ಮ ಉತ್ತರ ಎಲ್ಲಾ ಬಂದಾವು. ಒಂದೊಂದಾಗಿ ತಗೋತೀನಿ.

"ನಮ್ ರೊಕ್ಕ, ನಮ್ ಇಷ್ಟ." ರೊಕ್ಕ ನಿಮ್ಮದು, ಒಪ್ಪಿದೆ. ಸೆಕೆ ಯಾರದು? ನಿಮ್ಮ ಇಷ್ಟದ ಬೆಲೆ ಇನ್ನೊಂದು ಜೀವ ಕಟ್ಟೋದಾದ್ರ ಅದು ಬರೀ ನಿಮ್ಮ ಇಷ್ಟ ಹೆಂಗ ಆಗ್ತೈತಿ?

"ನಮ್ಮನ್ಯಾಗ ಏಸಿ ಐತಿ." ಒಳ್ಳೇದು. ಕರೆಂಟ್ ಹೋದಾಗ? ನೀವು ಪಿಜಿಗೆ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋದ ಮ್ಯಾಲೆ? ನಿಮ್ಮ ಅಪ್ಪಾಜಿ ನಾಯಿಗಂತ ಮಧ್ಯಾಹ್ನ ಪೂರ್ತಿ ಏಸಿ ಹಚ್ಚತಾರಾ? ಕೇಳಿ ನೋಡ್ರಿ. ನಾಯಿ ಹತ್ತು ಹನ್ನೆರಡು ವರ್ಷ ಬಾಳೋ ಪ್ರಾಣಿ. ನಾವು ಡಿಗ್ರಿ ಮುಗಿಸಾಕ ಮೂರು ವರ್ಷ. ನಾವು ಊರು ಬಿಡ್ತೀವಿ, ಸಾಕೋದು ಅವ್ವನ ತಲೀಗೆ ಬರ್ತದ.

"ಬೆಂಗಳೂರಾಗ ಎಲ್ಲರೂ ಸಾಕ್ತಾರ." ಬೆಂಗಳೂರಿನ ಹವೆ ಬೇರೆ. ಅಲ್ಲೂ ಎಲ್ಲ ಸರಿ ಐತಿ ಅಂತ ನಾನು ಹೇಳಿಲ್ಲ.

"ಹಂಗಾದ್ರ ಮುಧೋಳ ನಾಯಿ ತರ್ತೀವಿ, ನಮ್ಮದೇ ತಳಿ." ಇದಕ್ಕ ಸ್ವಲ್ಪ ನಿಲ್ತೀನಿ, ಯಾಕಂದ್ರ ಇದು ನನ್ನ ಮನಸ್ಸಿಗೂ ಹತ್ತಿರದ ಮಾತು. ಕುಷ್ಟಗಿಯಿಂದ ಇಳಕಲ್, ಬಾಗಲಕೋಟೆ ದಾಟಿ ಹೋದ್ರ ಮುಧೋಳ. ನಮ್ಮ ಬಿಸಿಲಿನಾಗೇ ಬೆಳೆದ ನಾಯಿ. ತೆಳು ಕೂದಲು, ಉದ್ದ ಕಾಲು, ಸಣ್ಣ ನಡ. 2005ರಲ್ಲಿ ಅದರ ಚಿತ್ರದ ಅಂಚೆ ಚೀಟಿ ಬಂತು. 2016ರಲ್ಲಿ ಮುಧೋಳ ನಾಯಿಗಳನ್ನ ಸೈನ್ಯದ ತರಬೇತಿಗೆ ಮೀರತ್‌ಗೆ ಒಯ್ದರು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಈ ತಳಿಗಾಗಿಯೇ ಸಂಶೋಧನಾ ಕೇಂದ್ರ ಇದೆ. ಹೆಮ್ಮೆ ಪಡ್ರಿ.

ಆದ್ರ ಅದು ಓಡೋ ಪ್ರಾಣಿ. ಮೊಲದ ಬೆನ್ನು ಹತ್ತಿ ಹೊಲ ದಾಟಾಕ ಹುಟ್ಟಿದ್ದು. 20-30 ಸೈಟಿನ ಮನ್ಯಾಗ, ಗೇಟಿನ ಕಂಬಕ್ಕ ಕಟ್ಟಿ, "ಗತ್ತು" ಅಂತ ಸ್ಟೇಟಸ್ ಹಾಕಿದ್ರ ಅದು ಹಸ್ಕಿಗಿಂತ ಬೇರೆ ಕತಿ ಆಗೂದಿಲ್ಲ. ಹೊಲ ಇದೆಯಾ, ದಿನಾ ಓಡಿಸ್ತೀರಾ, ತರ್ರಿ. ಇಲ್ಲ ಅಂದ್ರ ತಳಿ ಹೆಸರು ಬದಲಾತು, ತಪ್ಪು ಅದೇ.

8/10

"ಹಂಗಾದ್ರ ಯಾವ ನಾಯಿ ಸಾಕಬೇಕಪಾ?"

ನಿಮ್ಮ ಓಣಿಯಾಗ ಈಗ ಹುಟ್ಟಿರೋದು. ಫೋಟೋ ನೋಡ್ರಿ. ಕರಿಯನ ಮೊದಲ ಫೋಟೋ ಇದು, ಗಟಾರದ ಬದಿ, ನಾಲ್ಕು ಮರಿಯಾಗ ಒಂದು. ರೊಕ್ಕ ಕೊಟ್ಟಿಲ್ಲ. ಬ್ಯಾಸಗಿಗೆ ಮಣ್ಣು ಕೆದರ್ತಾನ, ಅದು ಬಿಟ್ರ ನಮ್ಮ ಹವೆ ಅವನಿಗೆ ಗೊತ್ತು. ಅವರವ್ವ ಇದೇ ಓಣಿಯಾಗ ಎಷ್ಟು ಬ್ಯಾಸಗಿ ಕಂಡಾಳೋ.

"ಬೀದಿನಾಯಿ" ಅಂತ ಮೂಗು ಮುರೀತೀರಿ. ನಮ್ಮ ನಾಡಿನ ನೆನಪು ಅಷ್ಟು ಸಣ್ಣದಲ್ಲ. ಕ್ರಿ.ಶ. 949-50ರ ಆತಕೂರು ಶಾಸನ ಕೇಳೀರೇನು? ಮಂಡ್ಯ ಕಡೆಯದು, ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಗಂಗರ ಬೂತುಗನ ಕಡೆಯ ವೀರ ಮಣಲೇರ. ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಏನು ಬೇಕು ಕೇಳು ಅಂದಾಗ ಅವನು ಕೇಳಿದ್ದು ಒಂದು ನಾಯಿಯನ್ನ. ಹೆಸರು ಕಾಳಿ. ಆ ಕಾಳಿ ಕಾಡುಹಂದಿಯ ಜೊತೆ ಹೋರಾಡಿತು, ಎರಡೂ ಸತ್ತವು. ಕಾಳಿಗಾಗಿ ಕಲ್ಲು ನಿಲ್ಲಿಸಿದರು, ಅದರ ಪೂಜೆಗೆ ಭೂಮಿ ಬಿಟ್ಟರು. ಸಾವಿರ ವರ್ಷ ಆಗಿಹೋಗಿದೆ, ನಾಯಿ ಹೆಸರು ಇನ್ನೂ ಕಲ್ಲಿನ ಮೇಲಿದೆ.

ಹೊಳೆಯಾಚೆ ಮೈಲಾರಕ್ಕ ನಿಮ್ಮ ಮನೆಯವರೂ ಹೋಗಿರ್ತಾರ. ಅಲ್ಲಿ ಕಂಬಳಿ ಹೊದ್ದ ಗೊರವಯ್ಯ ನಾಯಿಯಂಗ ಬೊಗಳಿ, ದೋಣಿಗೆ ಬಾಯಿ ಹಚ್ಚಿ ಉಣ್ತಾನ. ಅದು ಅವಮಾನ ಅಲ್ಲ, ಭಕ್ತಿ. ದೇವರ ಮುಂದ ನಾಯಿಯಾಗೋದು ದೊಡ್ಡದು ಅಂತ ನಂಬಿದ ಜನ ನಾವು.

ಯಲಬುರ್ಗಾ, ಕುಷ್ಟಗಿ ಕಡೆ ಕುರಿಹಟ್ಟಿಗೆ ಹೋಗ್ರಿ. ಅಲ್ಲಿನ ಕುರಿಗಾರ ಅಣ್ಣಂದಿರ ನಾಯಿಗೆ ಬೆಲ್ಟ್ ಇಲ್ಲ, ತಳಿ ಸರ್ಟಿಫಿಕೇಟ್ ಇಲ್ಲ. ರೊಟ್ಟಿ ನುಚ್ಚು ಉಂಡು ರಾತ್ರಿ ಪೂರ್ತಿ ಹಟ್ಟಿ ಸುತ್ತ ತಿರುಗ್ತೈತಿ. ನಾನು ಒಬ್ಬ ಕಾಕಾನ್ನ ಕೇಳಿದೆ, "ಇದು ಯಾವ ತಳಿರಿ?" ಕಾಕಾ ನನ್ನ ಮುಖ ನೋಡಿ ಅಂದ್ರು: "ತಳಿ ಏನ ತಮ್ಮಾ, ಕುರಿ ಕಾಯೂ ನಾಯಿ." ಕೆಲಸದ ಮ್ಯಾಲೆ ಹೆಸರು. ನಮ್ಮದು ಬೆಲೆ ಮ್ಯಾಲೆ ಹೆಸರು.

9/10

ಈಗ ನಾಯಿ ಕಂಡ್ರ ಆಗದವರ ಮಾತು. ಅವರ ಮಾತಿನಾಗೂ ಹುರುಳೈತಿ. ನಾಯಿಪ್ರೇಮಿಗಳು ಇದನ್ನ ದಾಟಿ ಹೋಗಬ್ಯಾಡ್ರಿ.

ನಮ್ಮ ಓಣಿಯಾಗ ಒಂದು ಹುಡುಗಿಗೆ ನಾಯಿ ಕಚ್ಚಿತು. ಬೀದಿದಲ್ಲ, ಸಾಕಿದ್ದು. "ನಮ್ದು ಏನೂ ಮಾಡಲ್ಲರಿ" ಅಂತಿದ್ದ ಮನೆಯದು. ಇಂಜೆಕ್ಷನ್ ಕಾರ್ಡ್ ತೋರಿಸ್ರಿ ಅಂದಾಗ ಮನೆಮಂದಿ ಮುಖ ಮುಖ ನೋಡಿಕೊಂಡ್ರು. ಹಾಕಿಸೇ ಇರ್ಲಿಲ್ಲ. ದುಬಾರಿ ಬೆಲ್ಟ್ ಇತ್ತು, ಹುಟ್ಟುಹಬ್ಬಕ್ಕ ಕೇಕ್ ಇತ್ತು, ರೇಬಿಸ್ ಲಸಿಕೆ ಇರ್ಲಿಲ್ಲ. ಪುಣ್ಯಕ್ಕ ಹುಡುಗಿಗೆ ಎಲ್ಲಾ ಡೋಸ್ ಹಾಕಿಸಿದ್ರು, ಅರಾಮ ಅದಾಳ.

ರೇಬಿಸ್ ಲಕ್ಷಣ ಕಾಣಿಸಿದ ಮೇಲೆ ಉಳಿಯೋದು ಇಲ್ಲ ಅನ್ನುವಷ್ಟು ಅಪರೂಪ. ಕಾಣಿಸುವ ಮುಂಚೆ ಲಸಿಕೆ ತಗೊಂಡರೆ ತಡೆಯಬಹುದು. ಲೂಯಿ ಪಾಶ್ಚರ್ 1885ರಲ್ಲೇ ಅದಕ್ಕೆ ದಾರಿ ತೋರಿಸಿದರು. ಕಚ್ಚಿದರೆ, ಪರಚಿದರೆ, ಗಾಯ ನೆಕ್ಕಿದರೆ: ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೀರಿ. ಖಾರಪುಡಿ, ಸುಣ್ಣ, ಅರಿಶಿಣ ಯಾವುದೂ ಹಚ್ಚಬ್ಯಾಡ್ರಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗ್ರಿ. ಹೊಟ್ಟೆಗೆ ಹದಿನಾಲ್ಕು ಸೂಜಿ ಅನ್ನೋದು ಅಜ್ಜನ ಕಾಲದ ಮಾತು. ಈಗ ತೋಳಿಗೆ ಕೆಲವೇ ಡೋಸ್. ಮೊದಲನೇದು ಹಾಕಿಸಿ ಉಳಿದದ್ದು ಬಿಡಬ್ಯಾಡ್ರಿ. ಗಾಯ ಆಳ ಇದ್ದರೆ ಗಾಯದ ಸುತ್ತಲೂ ಬೇರೆ ಔಷಧಿ ಕೊಡ್ತಾರೆ, ಕೇಳಿ ಹಾಕಿಸಿಕೊಳ್ರಿ.

2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ದಿಲ್ಲಿಯ ಬೀದಿನಾಯಿ ಹಿಡೀರಿ ಅಂದಿದ್ದು, ಆಮೇಲೆ ಅದನ್ನ ತಿದ್ದಿ ಸಂತಾನಹರಣ ಮಾಡಿ ಲಸಿಕೆ ಹಾಕಿ ಅದೇ ಜಾಗಕ್ಕೆ ಬಿಡ್ರಿ ಅಂದಿದ್ದು, ನವೆಂಬರ್‌ನಲ್ಲಿ ಶಾಲೆ, ಆಸ್ಪತ್ರೆ, ಬಸ್ ಸ್ಟ್ಯಾಂಡಿನ ನಾಯಿಗಳ ಬಗ್ಗೆ ಬೇರೆ ಆದೇಶ ಕೊಟ್ಟಿದ್ದು, ಎಲ್ಲದಕ್ಕೂ ನಾವು ಸ್ಟೋರಿ ಹಾಕಿದ್ವಿ. ಅರ್ಧ ಮಂದಿ ಆ ಕಡೆ, ಅರ್ಧ ಮಂದಿ ಈ ಕಡೆ. ನಮ್ಮ ಮನೆಯ ನಾಯಿಗೆ ಲಸಿಕೆ ಆಗಿದೆಯಾ ಅಂತ ಮಾತ್ರ ಯಾರೂ ಕೇಳಿಕೊಳ್ಳಲಿಲ್ಲ.

ಇನ್ನೊಂದು. ಬ್ಯಾಸರಾದ ಮ್ಯಾಲೆ ಹೈವೇ ಬದಿ ಬಿಟ್ಟು ಬರೋದು. "ಫಾರ್ಮ್ ಹೌಸಿಗೆ ಕಳಿಸಿದ್ವಿ" ಅಂತೀವಲ್ಲ, ಅದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಹೀಗೆ ಬಿಡುವುದು ಅಪರಾಧ. ಮೊದಲ ಸಲದ ದಂಡ ಎಷ್ಟು ಗೊತ್ತೇನು? ಹತ್ತರಿಂದ ಐವತ್ತು ರೂಪಾಯಿ. ಇಬ್ಬರು ಗಿರಮಿಟ್ ಮಿರ್ಚಿ ತಿಂದ್ರ ಅದಕ್ಕಿಂತ ಜಾಸ್ತಿ ಬಿಲ್ ಆಗ್ತದ. ಕಾನೂನು ಇಷ್ಟು ಅಗ್ಗ ಇರೋವಾಗ ನಾಚಿಕೆನಾದ್ರೂ ತುಟ್ಟಿ ಇರಬೇಕಲ್ಲ.

10/10

ಕಡೀ ಪೋಸ್ಟ್. ಕೇಳೋದು ಆರೇ ಮಾತು.

ಒಂದು, ಹಸ್ಕಿ, ಸೇಂಟ್ ಬರ್ನಾರ್ಡ್‌ನಂಥ ಹಿಮದ ನಾಯಿ ನಮ್ಮ ತಾಲೂಕುಗಳಿಗೆ ತರಬ್ಯಾಡ್ರಿ. ಯಾರಾದ್ರೂ ತರ್ತೀನಿ ಅಂದ್ರ ಎರಡನೇ ಪೋಸ್ಟ್ ಕಳಿಸ್ರಿ.

ಎರಡು, ತಂದಿದ್ರ ಬಿಡಬ್ಯಾಡ್ರಿ. ಬ್ಯಾಸಗಿಗೆ ಒಳಗ ಇಟ್ಕೊಳ್ರಿ. ತಂದವರನ್ನ ಆಡಿಕೊಳ್ಳಾಕ ನಾನು ಇದನ್ನ ಬರೆದಿಲ್ಲ.

ಮೂರು, ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಆಮ್ಯಾಲೆ ಡಾಕ್ಟರ್ ಹೇಳಿದಂಗ ವರ್ಷಾ ವರ್ಷಾ. ತಾಲೂಕಿನ ಪಶು ಆಸ್ಪತ್ರೆ ಎಲ್ಲೈತಿ ಅಂತ ಇವತ್ತೇ ನೋಡಿ ಇಟ್ಕೊಳ್ರಿ.

ನಾಲ್ಕು, ಓಣಿ ನಾಯಿಗೆ ರೊಟ್ಟಿ ಹಾಕೋರು ಅಷ್ಟಕ್ಕ ನಿಲ್ಲಬ್ಯಾಡ್ರಿ. ಸಂತಾನಹರಣ, ಲಸಿಕೆ ಯಾವಾಗ ಮಾಡಿಸ್ತೀರಿ ಅಂತ ನಗರಸಭೆಗೆ, ಪಂಚಾಯ್ತಿಗೆ ಅರ್ಜಿ ಕೊಡ್ರಿ. 2023ರ ನಿಯಮದ ಪ್ರಕಾರ ಅದು ಅವರ ಕೆಲಸ. ಐದು ಮಂದಿ ಸಹಿ ಮಾಡಿ ಕೊಟ್ರ ಹತ್ತು ಸ್ಟೋರಿಗಿಂತ ಮೇಲು.

ಐದು, ಮಾಳಿಗೆ ಮ್ಯಾಲೆ, ಗೇಟಿನ ಮುಂದ ಒಂದು ಮಣ್ಣಿನ ಪಾತ್ರೆಯಾಗ ನೀರಿಡ್ರಿ. ಉರುಳದಂಗ ಅಗಲ ಬುಡದ್ದು.

ಆರು, ರೀಲ್ ಹಾಕೋ ಮುಂಚೆ ಹತ್ತು ಸೆಕೆಂಡ್ ಅದರ ಕಣ್ಣು, ಕಿವಿ, ಬಾಲ ನೋಡ್ರಿ. ಏನೋ ಹೇಳಾಕತ್ತಿದ್ರ ಫೋನ್ ಕೆಳಗಿಡ್ರಿ.

"ನೀ ದೊಡ್ಡ ಮನುಷ್ಯಾ ಆಗಿಬಿಟ್ಟಿ" ಅಂತ ಯಾರೋ ಡಿಎಂ ಮಾಡೀರಿ. ಆಗಿಲ್ಲ. ಮೂರು ಹಾರ್ಟ್ ಹಾಕಿದವನು ನಾನೇ. ಹೋದ ಭಾನುವಾರ ಗಂಗಾವತಿಗೆ ಹೋಗಿದ್ದೆ. ಗೆಳೆಯನ ಮಾಳಿಗೆ ಮ್ಯಾಲೆ ಆ ಸರಪಳಿ ಇನ್ನೂ ಹಂಗೇ ಬಿದ್ದಿತ್ತು. ಅವರಜ್ಜಿ ಅದನ್ನ ತೆಗೆಸಾಕ ಬಿಟ್ಟಿಲ್ಲಂತ. ಸಂಜಿ ಮುಂದ ಎಲ್ಲೋ ಒಂದು ನಾಯಿ ಊಳಿಟ್ಟಿತು. ಅಜ್ಜಿ ರೂಢಿಯಂಗ "ಏನಪಾ" ಅಂದ್ರು, ಆಮ್ಯಾಲೆ ಸುಮ್ನಾದ್ರು. ನಾವಿಬ್ಬರೂ ಏನೂ ಮಾತಾಡಲಿಲ್ಲ.

ಮನಿಗೆ ಬಂದೆ. ಕರಿಯ ಮತ್ತ ಮಣ್ಣು ಕೆದರ್ತಿದ್ದ. ಅವ್ವ ಅವನಿಗಂತ ಆ ಜಾಗಕ್ಕ ಎರಡು ಕೊಡ ನೀರು ಹಾಕಿಸಿ, ಮೇಲೆ ಗೋಣಿಚೀಲ ಕಟ್ಟಿಸಿ ನೆರಳು ಮಾಡ್ಯಾಳ. ಮಲ್ಲಿಗಿ ಬಳ್ಳಿ ಈಗ ಕುಂಡದಾಗ ಐತಿ, ಕಟ್ಟಿ ಮ್ಯಾಲೆ, ಅವನಿಗೆ ನಿಲುಕದಂಗ.

ಅವ್ವ ಒಂದೂ ರೀಲ್ ನೋಡಿಲ್ಲ. ಅವನು ಹೇಳಿದ್ದು ಅವಳಿಗೆ ಕೇಳಿಸಿತು.

#ಕೊಪ್ಪಳ #ಗಂಗಾವತಿ #ಕುಷ್ಟಗಿ #ಯಲಬುರ್ಗಾ #ಓಣಿನಾಯಿ #ನಗುಅಲ್ಲಸೆಕೆ #ಕರಿಯ